ಜಡ್ಡು

ತಂತಿಯನ್ನು ಒತ್ತಿದ್ದೇ ತಡ, ಅಕ್ಕ ಬೆಂಕಿ ಮುಟ್ಟಿದವಳಂತೆ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ ತಂಗಿ, “ಸಂಗೀತ ಕಛೇರಿಯವರು ಫೋನಲ್ಲಿ ಕಾಯ್ತಿದ್ದಾರೆ ಕಣೇ. ನುಡಿಸ್ತೀಯೋ ಇಲ್ವೋ, ಬಾಯಿಬಿಟ್ಟು ಹೇಳಬಾರದಾ?” ಎಂದಳು.

ದೇಶದೇಶಗಳ ಸಭೆಗಳು ಎದ್ದುನಿಂತು ಕೈಮುಗಿದ ಪಿಟೀಲು ಅದು. ಬಾಲ್ಯದಿಂದ ನುಡಿಸಿ ಅಕ್ಕನ ಬೆರಳ ತುದಿಗಳು ಜಡ್ಡುಗಟ್ಟಿದ್ದವು. “ಅಮ್ಮನಿಗೆ ಸೂಜಿ ಚುಚ್ಚಿದ್ರೆ ಸೂಜಿನೇ ಅಳುತ್ತೆ,” ಎಂದು ಮಗಳು ನಗುತ್ತಿದ್ದಳು. ಆ ಮಗಳು ತೀರಿಕೊಂಡ ಮೇಲೆ ಪಿಟೀಲಿನ ಪೆಟ್ಟಿಗೆ ತೆರೆದದ್ದು ಇವತ್ತೇ. ಇಷ್ಟು ತಿಂಗಳಲ್ಲಿ ಅಕ್ಕನಿಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ದೇವರ ಮುಂದೆ ಕೂತರೂ ಬೇಡಿಕೊಳ್ಳಲು ಏನೂ ತೋಚದೆ ಎದ್ದು ಬರುತ್ತಿದ್ದಳು. “ಕಲ್ಲಾಗಿಬಿಟ್ಟೆಯಲ್ಲೇ,” ಎಂದು ತಂಗಿ ಬೈದಾಗ, “ಹೂಂ,” ಎಂದಿದ್ದಳು.

ಈಗ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನುಡಿಸದೆ ಬಿಟ್ಟದ್ದಕ್ಕೆ ಜಡ್ಡು ಸುಲಿದುಹೋಗಿ, ಎಳೆಗೂಸಿನಂಥ ಚರ್ಮ ಬಂದಿತ್ತು. ಅದರ ಮೇಲೆ ತಂತಿಯ ಕೆಂಪು ಗೆರೆ ಎದ್ದಿತ್ತು.

“ನೋವಾಗುತ್ತೆ ಕಣೇ,” ಎಂದಳು ಬೆರಗಿನಿಂದ.

“ಹಾಗಾದ್ರೆ ಬೇಡ ಬಿಡು. ಆಗಲ್ಲ ಅಂತೀನಿ.”

“ಹಾಗನ್ನಬೇಡ, ಬರ್ತಾಳೆ ಅನ್ನು,” ಎಂದ ಅಕ್ಕ, ಅದೇ ಬೆರಳನ್ನು ತಂತಿಯ ಮೇಲಿಟ್ಟು ಬಲವಾಗಿ ಒತ್ತಿದಳು.