ಮೆಂತ್ಯದ ಕಹಿ

ಬಿಪಿ ಗುಳಿಗೆಯನ್ನು ಕೈಗೆ ಕೊಟ್ಟರೆ ಮುದುಕ ಕಿಟಕಿಯಾಚೆ ಎಸೆಯುತ್ತಿದ್ದ. ಅದಕ್ಕೇ ಹೆಂಡತಿ ಅದನ್ನು ಪುಡಿ ಮಾಡಿ ಅವನ ಸಂಜೆಯ ಚಹಾದಲ್ಲಿ ಕದಡಿಬಿಡುತ್ತಿದ್ದಳು. ಆದರೂ ಬಿಪಿ ಇಳಿಯಲಿಲ್ಲ. ಡಾಕ್ಟರು ಇನ್ನೂ ಹೆಚ್ಚು ಪವರಿನ ಗುಳಿಗೆ ಬರೆದುಕೊಟ್ಟರು.

ಒಳಕೋಣೆಯಲ್ಲಿ ಮುದುಕನ ಅಕ್ಕ ಇದ್ದಳು. ಅವಳ ಎದೆಬಡಿತ ಮೊದಲೇ ನಿಧಾನ, ಬಿಪಿಯೂ ಕಡಿಮೆ. ಹೃದಯಕ್ಕೆ ಚಹಾ ಆಗದೆಂದು ಹೆಂಡತಿ ಅವಳಿಗೆ ಬರೀ ಗಂಜಿ ಕೊಡುತ್ತಿದ್ದಳು. ಈಚೆಗಂತೂ ಅಕ್ಕ ಗೋಡೆ ಹಿಡಿಯದೆ ನಡೆಯಲಾರಳು.

ಹೊಸ ಗುಳಿಗೆ ಹಾಕಿದ ಸಂಜೆ ಹೆಂಡತಿ ಖಾಲಿ ಲೋಟ ತೆಗೆಯಲು ಬಂದಳು.

"ಏನ ಹಾಕತೀಯೋ ಏನೋ, ನಿನ್ನ ಚಾ ಬಾಳ ಕಹಿ," ಎಂದ ಮುದುಕ.

"ಮೆಂತ್ಯ ರೀ. ಎದಿಗೆ ಚಲೋ."

"ನನಗ ಒಂದ ಗುಟುಕೂ ಇಳಿಯೂದಿಲ್ಲ."

ಅವಳು ಲೋಟ ನೋಡಿದಳು. "ಮತ್ತ ಖಾಲಿ ಐತಲ್ರೀ?"

"ಚಾ ಬೇಕಂತ ಅಕ್ಕ ಅಳತಾಳ. ನೀ ಅಡಗಿಮನಿಗೆ ಹೋದ ಮ್ಯಾಲ ದಿನಾ ಆಕಿಗೇ ಕೊಡತೀನಿ. ಆಕಿ ಕಹಿ ಅನ್ನೂದಿಲ್ಲ."

"ಇವತ್ತು?"

"ಇವತ್ತೂ ಪೂರಾ ಕುಡದಾಳ. ಈಗ ಗಾಢ ನಿದ್ದಿ ಹತ್ತೇತಿ, ಕರದರೂ ಓ ಅನವಲ್ಲಳು. ಎಬ್ಬಸಬ್ಯಾಡ."