ಗೇಣು ಎಡಕ್ಕೆ

ಕ್ಯಾತನ ಬಳಿ ಗಟ್ಟಿ ಬಾಣವಿರಲಿಲ್ಲ. ಅವನು ಕೆತ್ತಿದ ಮರದ ಕಡ್ಡಿಗಳು ಬಳುಕಿ, ಬಿಟ್ಟಾಗ ಗೇಣು ಬಲಕ್ಕೆ ಸರಿಯುತ್ತಿದ್ದವು. ಹಾಗಾಗಿ ವರ್ಷಗಳಿಂದ ಅವನು ಗೇಣು ಎಡಕ್ಕೇ ಗುರಿ ಹಿಡಿಯುತ್ತಿದ್ದ.

"ನಿನ್ ಬಾಣಕ್ಕೆ ಕುಡುಕನ ನಡಿಗೆ ಕಣಣ್ಣ," ಎಂದು ತಮ್ಮ ನಗುತ್ತಿದ್ದ.

ಕೊನೆಗೆ ಇಬ್ಬರೂ ಕೂತು, ಕಡ್ಡಿಗಳನ್ನು ಕೆಂಡದ ಮೇಲೆ ಹೊರಳಿಸಿ ಕಾಯಿಸಿದರು. ಕಡ್ಡಿಗಳು ಸೆಟೆದುಕೊಂಡವು.

"ಇನ್ನು ನೆಟ್ಟಗೆ ಹೋಯ್ತದೆ, ನೋಡ್ತಿರು," ಎಂದ ತಮ್ಮ.

ಮರುದಿನ ಬೇಟೆಗೆ ಹೋದಾಗ ಪೊದೆಯಿಂದ ನುಗ್ಗಿದ ಕಾಡುಹಂದಿ ತಮ್ಮನ ತೊಡೆ ಸೀಳಿ ಕೆಡವಿತು. ಅವನು ರಕ್ತದಲ್ಲಿ ತೆವಳುತ್ತಾ, ಕ್ಯಾತ ನಿಂತಲ್ಲಿಂದ ನೋಡಿದರೆ ಹಂದಿಯ ಮೂತಿಯ ಎಡಕ್ಕೇ ಸರಿದ. ಹಂದಿ ಮತ್ತೆ ಅವನತ್ತ ತಿರುಗಿತು.

"ಹೊಡಿಯಣ್ಣಾ! ಕೊಲ್ತದೆ, ಹೊಡಿ!"

ಕ್ಯಾತ ಹೆದೆ ಎಳೆದ. ಯೋಚಿಸಲು ಹೊತ್ತಿರಲಿಲ್ಲ, ಕೈ ಹಳೆಯ ರೂಢಿಯಂತೆ ಗೇಣು ಎಡಕ್ಕೆ ಸರಿಯಿತು.

ಬಾಣ ನೆಟ್ಟಗೆ ಹೋಯಿತು, ತಮ್ಮನ ಎದೆಗೆ. ಹಂದಿ ಕಾಡು ಸೇರಿತು. ಹೋದದ್ದು ಒಂದು ಬಾಣ, ಒಬ್ಬ ತಮ್ಮ.