ಹುಡುಗನ ಮನೆ ವಿಚಾರಣೆ

ಹಂಪಯ್ಯ ಮೂರನೇ ಸಲ ಟೇಬಲ್ಲಿನ ಮುಂದೆ ಹಾದುಹೋದಾಗ ಗಿರಿಜಾಬಾಯಿ ಕನ್ನಡಕದ ಮೇಲಿಂದ ನೋಡಿ, ಏನಾಗಬೇಕು ಎಂದು ತೆಲುಗಿನಲ್ಲಿ ಕೇಳಿದಳು.

ನಾಂಪಲ್ಲಿ ಕೋರ್ಟಿನ ಗೋಡೆಗೆ ಹೊಂದಿಕೊಂಡು ಟೈಪ್ ಮಾಡಿಕೊಡುವವರ ಸಾಲಿತ್ತು. ಅರ್ಜಿ, ಅಫಿಡವಿಟ್ಟು, ಹಳೆಯ ತೀರ್ಪಿನ ನಕಲು, ಎಲ್ಲಕ್ಕೂ ಅಲ್ಲಿಂದಲೇ ದಾರಿ. ಗಿರಿಜಾಬಾಯಿಯ ಮುಂದೆ ಲ್ಯಾಪ್‌ಟಾಪಿತ್ತು.

"ಒಂದು ಹೆಸರು ನೋಡಿಸಬೇಕಿತ್ತು." ಹಂಪಯ್ಯನ ತೆಲುಗು ತಡವರಿಸಿತು.

"ಕನ್ನಡದಾಗ ಹೇಳ್ರಿ ಕಾಕಾ, ನಾನೂ ಬೀದರಿನಾಕಿ. ಲಗ್ನದ ವಿಚಾರೇನು?"

ಅವನು ಬೆಚ್ಚಿದ. "ನಿನಗ್ಹೆಂಗ ಗೊತ್ತಾತು ತಂಗಿ?"

"ಕೇಸ್ ನಡಸವ್ರು ನಂಬರ್ ಹಿಡಕೊಂಡು ಬರ್ತಾರ. ಬರೇ ಹೆಸರು ತಗೊಂಡು ಕಳ್ಳರಂಗ ಅಡ್ಡಾಡವ್ರು ಹೆಣ್ಣಿನ ಅಪ್ಪಂದಿರು."

ಹಂಪಯ್ಯ ಸ್ಟೂಲಿನ ತುದಿಯಲ್ಲಿ ಕೂತ.

ಸ್ಟೇಷನ್ನಿಗೆ ಹೋಗಿ ಟಿಕೆಟ್ ಮಾಡಿಸಿ ಬರುತ್ತೇನೆಂದು ಹೆಂಡತಿ ಸುಮಂಗಲಾಗೆ ಸುಳ್ಳು ಹೇಳಿ ಬಂದಿದ್ದ. ಸೋಮವಾರವೇ ನಿಶ್ಚಯ. ಎರಡೂ ಮನೆಯಲ್ಲಿ ಸೀರೆ ಆರಿಸುವ ಸಂಭ್ರಮ. ಹುಡುಗ ರೋಹಿತ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನಿಗೆ ಮೊದಲೊಂದು ಮದುವೆಯಾಗಿ ಮುರಿದಿತ್ತು. ಅದೇನೂ ಗುಟ್ಟಲ್ಲ. ಹೊಂದಿಕೆಯಾಗಲಿಲ್ಲ ಎಂದು ಹುಡುಗನ ಅಪ್ಪ ಹೇಳಿದ್ದ, ಎಲ್ಲರೂ ನಂಬಿದ್ದರು. ಇವರ ಮಂದಿಯಲ್ಲಿ ಹುಡುಗನ ವಿಚಾರಣೆ ಎಂದರೆ ಅವನ ಅಪ್ಪನ ವಿಚಾರಣೆ. ಹುಡುಗನ ಮನೆಯಿದ್ದ ನಾಚಾರಂನಲ್ಲಿ ಯಾರನ್ನು ಕೇಳಿದರೂ ಆ ಅಪ್ಪನ ಬಗ್ಗೆ ಒಳ್ಳೆಯ ಮಾತೇ ಬಂದಿತ್ತು. ಅಲ್ಲಿಗೆ ಮುಗಿದಿತ್ತು.

ಆದರೆ ಹಂಪಯ್ಯನಿಗೆ ನಿದ್ದೆ ಹತ್ತಿರಲಿಲ್ಲ. ಕಳೆದ ವಾರ ಊಟಕ್ಕೆ ಕೂತಾಗ ಹುಡುಗಿ ಪೂರ್ವಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಸಂಕೋಚ ಮಾಡಬ್ಯಾಡ್ರಿ, ನಾನs ಬಡದದ್ದು," ಎಂದು ನಕ್ಕಿದ್ದಳು.

"ಹುಡುಗನ ಪೂರ್ತಿ ಹೆಸರು ಹೇಳ್ರಿ."

ಹೇಳಿದ. ಗಿರಿಜಾಬಾಯಿ ಟೈಪ್ ಮಾಡಿದಳು. "ವರ್ಷ ಕೇಳತೈತಿ. ಅಂದಾಜು ಗೊತ್ತೈತೇನು?"

"ಎರಡು ಸಾವಿರದ ಹತ್ತೊಂಬತ್ತು."

"ಭಾಳ ತಯಾರಾಗಿ ಬಂದೀರಿ ಬಿಡ್ರಿ."

ಹಂಪಯ್ಯ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. ಪರದೆಯ ಮೇಲೆ ಸಾಲುಗಳು ಮೂಡಿದವು. ಒಂದು ಸಾಲಿನ ಮೇಲೆ ಅವಳ ಬೆರಳು ನಿಂತಿತು.

"ಐತಿ ಕಾಕಾ. ಹೆಂಡತಿಗೆ ಹಿಂಸೆ ಕೊಟ್ಟ ಕೇಸು."

"ಮುಗದೈತಲ್ಲ?"

"ಮುಗದೈತಿ, ರಾಜಿಯಾಗಿ. ಅಂದ್ರ ಹೊಡದಿಲ್ಲ ಅಂತಲ್ಲ." ಅವಳು ಆದೇಶ ತೆರೆದು ಓದತೊಡಗಿದಳು. ದನಿ ಸಣ್ಣಗಾಯಿತು. "ಅಯ್ಯ ಶಿವನ. ಆ ಹುಡುಗಿಗೆ ಎಡಗಿವಿ ಕೇಳಸಂಗಿಲ್ಲಂತ. ನೀವs ಓದ್ರಿ."

ಅವಳು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಹಂಪಯ್ಯ ಓದಲಿಲ್ಲ. ಗೋಡೆಯ ಮೇಲಿನ ಗೂಡಂಗಡಿ ಜಾಹೀರಾತನ್ನೇ ನೋಡುತ್ತ ಕೂತ.

"ಇಲ್ನೋಡ್ರಿ, ಎರಡನೇ ಆರೋಪಿ ಹುಡುಗನ ಅಪ್ಪ. ಸೊಸಿ ಕೂಗ್ಯಾಡಿದ್ರೂ ಏಳಲಿಲ್ಲಂತ. ಟಿವಿ ಆವಾಜ್ ಜೋರು ಮಾಡಿ ಕುಂತಿದ್ನಂತ!" ಗಿರಿಜಾಬಾಯಿ ತಲೆ ಕೊಡವಿದಳು. "ಹೊಡದಾವಗಿಂತ ಈ ಮುದಿಯ ಪಕ್ಕಾ ಪಾಪಿ. ಒಮ್ಮೆ ಅವನ ಮಾರಿ ನೋಡಬೇಕಿತ್ತು ನಾನು."

ಹಂಪಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಒರೆಸಿದ.

ಜೇಬಿನಲ್ಲಿ ಫೋನು ಅದುರಿತು. ತೆಗೆದು ನೋಡಿದ, ಎತ್ತಲಿಲ್ಲ.

"ಯಾರದು?"

"ರೋಹಿತಂದು."

"ಈಗಿಂದನs ಫೋನು! ನೂರು ವರ್ಷ ಆಯುಷ್ಯ ನಿಮ್ಮ ಅಳಿಯಗ." ಅವಳ ನಗೆಯಲ್ಲಿ ವಿಷವಿತ್ತು. ಮತ್ತೆ ಮೆತ್ತಗಾದಳು. "ನಕಲು ಬೇಕಾದ್ರ ಅರ್ಜಿ ಹಾಕೂಣು. ನಿಮ್ಮ ಹೆಸರು, ಕೇಸಿಗೂ ನಿಮಗೂ ಏನು ಸಂಬಂಧ, ಯಾಕ ಬೇಕು, ಅದೆಲ್ಲಾ ಬರೀಬೇಕಾಗತೈತಿ."

"ಬ್ಯಾಡ," ಎಂದ ಹಂಪಯ್ಯ ಅವಸರದಿಂದ. ಆಮೇಲೆ ಕೇಳಿದ, "ಇದು ಯಾರಿಗೆ ಬೇಕಾದ್ರೂ ಕಾಣಸತೈತೇನು?"

"ಮೊಬೈಲ್ ಇದ್ದವರಿಗೆಲ್ಲಾ. ಆದ್ರ ಯಾವ ಕೋರ್ಟು, ಯಾವ ವರ್ಷ ಅಂತ ಗೊತ್ತಿರಬೇಕು. ಇಲ್ಲಾಂದ್ರ ಒಂದೊಂದs ವರ್ಷ ಹಾಕಿ ಹುಡುಕಬೇಕು. ಯಾರು ಹುಡುಕತಾರ ಕಾಕಾ? ಹಿರಿಯರು ಛಲೋ ಅದಾರ ಅಂತ ಕೊಟ್ಟುಬಿಡ್ತಾರ."

ಯಾರೂ ಹುಡುಕುವುದಿಲ್ಲ. ಪರದೆ ಮುಚ್ಚಿದರೆ ಆಯಿತು. ಎದ್ದು ಹೋಗಿ ನಾಚಾರಂ ಬಸ್ಸು ಹತ್ತಿದರೆ ಸೋಮವಾರ ತಾನಾಗಿಯೇ ಬರುತ್ತದೆ. ರೋಹಿತ ಈಗ ಬದಲಾಗಿದ್ದಾನೆ ಎಂದು ಸುಮಂಗಲಾ ದಿನಾ ಹೇಳುತ್ತಿದ್ದಳು. ಅವಳು ಹಾಗೆನ್ನುವಾಗ ಒಮ್ಮೆಯೂ ಇವನ ಕಣ್ಣು ನೋಡಿರಲಿಲ್ಲ. ಹೋದ ತಿಂಗಳು ಸಾರು ತಣ್ಣಗಾಯಿತೆಂದು ರೋಹಿತ ಬೀಸಿದ್ದ ತಟ್ಟೆ ಹಂಪಯ್ಯನ ಕಾಲ ಬಳಿ ಬಂದು ಬಿದ್ದಿತ್ತು.

ಅವನು ಎದ್ದ. ಗಿರಿಜಾಬಾಯಿ ದುಡ್ಡು ಬೇಡವೆಂದಳು.

"ನಿಮ್ಮಂಥ ಅಪ್ಪ ಸಿಗಬೇಕಂದ್ರ ಪುಣ್ಯ ಮಾಡಿರಬೇಕು ಕಾಕಾ. ಮನೀಗೆ ಹೋಗಿ ಒಂದs ಮಾತು ಹೇಳಿಬಿಡ್ರಿ, ಮಗಳು ಬದುಕ್ತಾಳ."

"ಇಲ್ಲಿಂದನs ಹೇಳ್ತೀನಿ," ಎಂದ ಹಂಪಯ್ಯ. ಮನೆ ಮುಟ್ಟಿದರೆ ತನಗೆ ಧೈರ್ಯ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನಂಬರ್ ಒತ್ತಿ ಕಿವಿಗೆ ಹಿಡಿದ. ಆ ಕಡೆಯಿಂದ ಸಂಭ್ರಮದ "ಹಲೋ" ಕೇಳಿಸಿತು.

"ಅಂಬಣ್ಣಾರ, ನಿಮ್ಮ ಪೂರ್ವಿನ್ನ ನನ್ನ ಮಗಗ ಕೊಡಬ್ಯಾಡ್ರಿ."